ತರುಣವಯಸ್ಕರ ಸ್ವದೇಹಪೀಡನ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಅನೇಕ ಬಾಲಕಬಾಲಿಕೆಯರು ವಿದ್ಯಾರ್ಜನೆಗಾಗಿ ತಂದೆತಾಯಿಗಳನ್ನಗಲಿ ವಿದ್ಯಾರ್ಥಿನಿಲಯಗಳಲ್ಲಿ ವಾಸಮಾಡುತ್ತಿರುವರು. ಅವರಿಗೆ ಅನ್ನವುಂಟು, ಪಾಠವುಂಟು. ಮನಸ್ಸಿನ ಸಂಕಟವನ್ನು ಕೇಳುವವರುಂಟೋ ಎಂಬುದೇ ಇಂದು ವಿಚಾರಣೀಯವಾದ ವಿಷಯವು.

2023ನೆಯ ಇಸವಿ ಸೆಪ್ಟೆಂಬರ್ ಮಾಸದಲ್ಲಿ ಉತ್ತರಕನ್ನಡದ ದಾಂಡೇಲಿಯ ಒಂದು ಶಾಲೆಯಲ್ಲಿ ಹಲವು ವಿದ್ಯಾರ್ಥಿನಿಯರು ತಮ್ಮ ಕೈಗಳನ್ನು ತಾವೇ ಗಾಯಪಡಿಸಿಕೊಂಡಿದ್ದುದು ಬೆಳಕಿಗೆ ಬಂದಿತು. ವಿಚಾರಿಸಲಾಗಿ ಅವರು ಬೇರೆಬೇರೆ ಕಾರಣಗಳನ್ನು ಹೇಳಿದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗಾಯವು ಒಂದೇ ಬಗೆಯದಾದರೂ ಅದರ ಮೂಲವು ಒಂದೇ ಆಗಿರಬೇಕೆಂಬ ನಿಯಮವಿಲ್ಲವಷ್ಟೆ.

ಈ ಕೃತ್ಯವು ಪ್ರಾಯಶಃ 12ರಿಂದ 14 ವರ್ಷಗಳ ಪ್ರಾಯದಲ್ಲಿ ಆರಂಭವಾಗುವುದೆಂದು ಮನೋವೈದ್ಯರು ಹೇಳುವರು. ಸಾಯಬೇಕೆಂಬ ಇಚ್ಛೆಯು ಅನೇಕರಲ್ಲಿರುವುದಿಲ್ಲ. ಕೋಪ, ಲಜ್ಜೆ, ಒಂಟಿತನಗಳು ಒಳಗೆ ಉಕ್ಕಿಬಂದಾಗ, ಅವುಗಳಿಗೆ ಹೆಸರಿಡಲರಿಯದ ಮಗುವಿಗೆ ದೇಹದ ನೋವು ಮನಸ್ಸಿನ ನೋವನ್ನು ಕ್ಷಣಕಾಲ ಮರೆಯಿಸುವುದು. ಆ ಉಪಶಮನವು ಬಹು ಅಲ್ಪವಾದುದು; ಅದರ ಬೆನ್ನಿಗೇ ನಾಚಿಕೆ, ನಾಚಿಕೆಯಿಂದ ಪುನಃ ಅದೇ ಸಂಕಟ. ತನ್ನನ್ನು ತಾನೇ ಹೀನವೆಂದೆಣಿಸುವಿಕೆ, ಸಹಪಾಠಿಗಳ ಪರಿಹಾಸ್ಯ, ಮನೆಯ ಕಲಹ, ಬಾಲ್ಯದಲ್ಲನುಭವಿಸಿದ ದೌರ್ಜನ್ಯ, ಖಿನ್ನತೆ ಇವೆಲ್ಲವೂ ಅದಕ್ಕೆ ಎಡೆಮಾಡಿಕೊಡುವುವು. ಗೆಳೆಯರನ್ನು ನೋಡಿ ಅನುಕರಿಸುವುದೂ ಉಂಟು. ಆದರೆ ಅನುಕರಣವೆಂದು ತಳ್ಳಿಹಾಕುವವರು, ಹತ್ತು ಮಕ್ಕಳು ನೋಡಿದರೂ ಒಂದೇ ಮಗು ಅನುಕರಿಸಿದುದೇಕೆಂದು ಕೇಳುವುದೇ ಇಲ್ಲ! ಮರಣೇಚ್ಛೆಯಿಲ್ಲವೆಂದು ಉದಾಸೀನ ಮಾಡುವುದೂ ತರವಲ್ಲ. ಇಂಥವರಲ್ಲಿ ಮುಂದೆ ಆತ್ಮಹತ್ಯೆಯ ಭಯವು ಇತರರಿಗಿಂತ ಅಧಿಕವಾಗಿರುವುದು.

ಎಲ್ಲರೆದುರಿಗೆ ತೋಳನ್ನು ತೋರಿಸೆನ್ನುವುದು, ಗದರಿಸುವುದು, ನಿಲಯದಿಂದ ಹೊರಹಾಕುವುದು ಇವುಗಳಿಂದ ಮಗುವು ಗಾಯವನ್ನು ಬಚ್ಚಿಡಲು ಕಲಿಯುವುದೇ ಹೊರತು ಬಿಡಲು ಕಲಿಯದು. ಶರೀರವು ಪವಿತ್ರವೆಂಬ ಉಪದೇಶವು ಸತ್ಯವಾದರೂ ಆ ಗಳಿಗೆಗೆ ಸಲ್ಲದು. ಮೊದಲೇ ತನ್ನನ್ನು ಪಾಪಿಯೆಂದೆಣಿಸಿದ ಮಗುವಿಗೆ ಅದು ಮತ್ತೊಂದು ಆರೋಪವಾಗುವುದು. ಮೊದಲು ಗಾಯಕ್ಕೆ ಔಷಧೋಪಚಾರವಾಗಲಿ. ಬಳಿಕ ಏಕಾಂತದಲ್ಲಿ ಕುಳ್ಳಿರಿಸಿಕೊಂಡು, “ಏನಮ್ಮಾ, ಮನಸ್ಸಿಗೆ ಬಹಳ ಕಷ್ಟವಾಗಿದೆಯೇ? ಸಾಯಬೇಕೆಂದು ತೋರುತ್ತಿದೆಯೇ?” ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆಯು ಹುಟ್ಟುವುದೆಂಬ ಭಯವು ನಿರಾಧಾರವಾದುದು. ಉತ್ತರವು ಬರುವವರೆಗೆ ಸುಮ್ಮನೆ ಕುಳಿತಿರುವ ತಾಳ್ಮೆಯೂ ಬೇಕು.

ಬಳಿಕ ಮನೋವೈದ್ಯರ ಸಹಾಯವನ್ನು ಪಡೆಯಬೇಕು. ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ನೆಯ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆಯೂ ಇರುವುದು. 14416 ಎಂಬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ನಿಲಯಪಾಲಕರ ಕೊಠಡಿಯಲ್ಲಿ ಮಾತ್ರವಲ್ಲದೆ, ಮಕ್ಕಳು ಯಾರನ್ನೂ ಕೇಳದೆ ಓದಬಲ್ಲ ಗೋಡೆಯ ಮೇಲೆಯೂ ಬರೆಯಿಸತಕ್ಕದ್ದು.