ಕೊಡುವ ಮರ, ಕುಡಿಯುವ ಮರ

ಮಕ್ಕಳೇ, ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ. ಆದರೂ ಅದು ಸೊಂಪಾಗಿ ಬೆಳೆಯುತ್ತದೆ. ಅದೇ ಕಾಡನ್ನು ಕಡಿದು ಹೊಲ ಮಾಡಿದರೆ ಎರಡು ಮೂರು ವರ್ಷ ಒಳ್ಳೆಯ ಬೆಳೆ ಬಂದು, ಆಮೇಲೆ ಫಸಲು ಇಳಿಯುತ್ತಾ ಹೋಗುತ್ತದೆ. ಯಾಕೆ ಹೀಗೆ?

ಕಾಡಿನಲ್ಲಿ ಎಲೆ ಉದುರಿ ಕೊಳೆಯುತ್ತದೆ. ಅದರ ಸಾರವನ್ನು ಬೇರುಗಳು ಮತ್ತೆ ಹೀರಿಕೊಳ್ಳುತ್ತವೆ. ಹೊಲದಲ್ಲಿ ಉದುರುವ ಎಲೆಯೇ ಇಲ್ಲ. ಉಷ್ಣವಲಯದ ಸೆಕೆಗೆ ಮಣ್ಣಿನಲ್ಲಿದ್ದ ಹಳೆಯ ಸಾವಯವ ಅಂಶ ಬೇಗ ಮುಗಿದುಹೋಗುತ್ತದೆ. ಜೋರು ಮಳೆ ಬಂದರೆ ಪೋಷಕಾಂಶಗಳು ಬೆಳೆಯ ಬೇರಿಗೆ ಎಟುಕದಷ್ಟು ಆಳಕ್ಕೆ ಇಳಿಯುತ್ತವೆ, ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ಪಶ್ಚಿಮ ಆಫ್ರಿಕಾದ ರೈತರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕೆಲವು ವರ್ಷ ಬೆಳೆ ತೆಗೆದು, ಹೊಲವನ್ನು ಹಲವು ವರ್ಷ ಪಾಳು ಬಿಡುತ್ತಿದ್ದರು. ಗಿಡಮರ ಬೆಳೆದು ಮಣ್ಣು ಸುಧಾರಿಸಿಕೊಳ್ಳುತ್ತಿತ್ತು. ಜನ ಹೆಚ್ಚಿದ ಮೇಲೆ ಅಷ್ಟು ಕಾಲ ಕಾಯುವಂತಿರಲಿಲ್ಲ. ಆಗ ನೈಜೀರಿಯಾದ ಇಬಾದಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ ಬಿ.ಟಿ. ಕಾಂಗ್ ಎಂಬ ಮಣ್ಣು ವಿಜ್ಞಾನಿ ಮತ್ತು ಜೊತೆಗಾರರು 1970ರ ದಶಕದಲ್ಲಿ ಒಂದು ಪ್ರಯೋಗ ಶುರುಮಾಡಿದರು. ಪಾಳು ಭೂಮಿಯ ಮರ ಮಾಡುವ ಕೆಲಸವನ್ನು ಬೆಳೆಯ ನಡುವೆಯೇ ಮಾಡಿಸಬಹುದೇ ಎಂದು ನೋಡುವುದು ಅವರ ಉದ್ದೇಶ.

ಸುಮಾರು 4 ಮೀಟರಿಗೊಂದು ಸಾಲು ಸುಬಾಬುಲ್ ಮರ, ನಡುವಿನ ಓಣಿಯಲ್ಲಿ ಮುಸುಕಿನ ಜೋಳ. ಬಿತ್ತನೆಗೆ ಮೊದಲು ಸುಬಾಬುಲ್ ಸಾಲನ್ನು ಗಿಡ್ಡಗೆ ಸವರಿ ಸೊಪ್ಪನ್ನು ನೆಲಕ್ಕೆ ಹರಡುತ್ತಿದ್ದರು. ಗಿಡ ಮತ್ತೆ ಚಿಗುರಿದಾಗ, ಜೋಳಕ್ಕೆ ನೆರಳಾಗದಂತೆ ಮತ್ತೆ ಸವರುತ್ತಿದ್ದರು. ಸುಬಾಬುಲ್ ಸೊಪ್ಪು ಕೆಲವೇ ವಾರಗಳಲ್ಲಿ ಕೊಳೆತು ಸಾರಜನಕವನ್ನು ಮಣ್ಣಿಗೆ ಬಿಡುತ್ತದೆ. ಗೊಬ್ಬರ ಕೊಡದ ಹೊಲಗಳನ್ನು ಹೋಲಿಸಿ ನೋಡಿದರೆ, ಮರದ ಸಾಲಿದ್ದ ಕಡೆ ಜೋಳ ಹೆಚ್ಚು ಬಂತು.

ಆ ಸಾರಜನಕ ಎಲ್ಲಿಂದ ಬಂತು? ಗಾಳಿಯಿಂದ! ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಹೂ ಬಿಡುವ ಹೊತ್ತಿನ ಅಲಸಂದೆ ಗಿಡವೊಂದನ್ನು ಬೇರು ಹರಿಯದಂತೆ ಮೆಲ್ಲಗೆ ಕಿತ್ತು, ಮಣ್ಣು ತೊಳೆದು ನೋಡಿ. ಬೇರಿನ ಮೇಲೆ ಪುಟ್ಟ ಪುಟ್ಟ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಆ ಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತಂದುಕೊಡುತ್ತವೆ. ಬದಲಿಗೆ ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಸುಬಾಬುಲ್ಲೂ ನಮ್ಮ ತೋಟದ ಬೇಲಿಗಳಲ್ಲಿ ಕಾಣುವ ಗೊಬ್ಬರದ ಗಿಡವೂ ಅಲಸಂದೆಯ ವಂಶದವೇ.

ಇನ್ನು ಫಿಲಿಪ್ಪೀನ್ಸ್ ದೇಶದ ಮಿಂಡನಾವೊ ದ್ವೀಪಕ್ಕೆ ಹೋಗೋಣ. ಅಲ್ಲಿ ಹಲವು ಹೊಲಗಳು ಗುಡ್ಡದ ಇಳಿಜಾರಿನಲ್ಲಿವೆ. ಮಣ್ಣು ಕೊಚ್ಚಿಹೋಗದಂತೆ ಮರದ ಸಾಲನ್ನು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ನೆಡಬೇಕು. ಮಟ್ಟ ಹಿಡಿಯುವ ಸಾಧನ ಸರಳ. ಸಮ ಉದ್ದದ ಎರಡು ಕೋಲುಗಳ ತುದಿ ಸೇರಿಸಿ ಕಟ್ಟಿ, ನಡುವೆ ಅಡ್ಡಪಟ್ಟಿ ಬಿಗಿದು, ಮೇಲಿನಿಂದ ದಾರದಲ್ಲಿ ಕಲ್ಲು ಇಳಿಬಿಡುವುದು. ದಾರ ಅಡ್ಡಪಟ್ಟಿಯ ನಡುಗುರುತಿಗೆ ಬಂದರೆ ಎರಡೂ ಕಾಲುಗಳು ಒಂದೇ ಮಟ್ಟದಲ್ಲಿವೆ ಎಂದರ್ಥ. ಅಲ್ಲಿ ಗೂಟ ಹೊಡೆದು ಮುಂದೆ ಸಾಗುತ್ತಾರೆ. ಗೂಟಗಳ ಸಾಲಿನಲ್ಲಿ ಒತ್ತಾಗಿ ಬೆಳೆದ ಬೇಲಿ, ಟೀ ಸೋಸುವ ಜಾಲರಿಯ ಹಾಗೆ, ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ. ವರ್ಷಗಳು ಕಳೆದಂತೆ ಬೇಲಿಯ ಮೇಲ್ಬದಿಗೆ ಮಣ್ಣು ತುಂಬಿಕೊಂಡು ಇಳಿಜಾರು ತಾನಾಗಿ ಮೆಟ್ಟಿಲುಗಳಾಗುತ್ತದೆ.

ಹಾಗಾದರೆ ಎಲ್ಲ ಹೊಲಗಳಲ್ಲೂ ಮರದ ಸಾಲು ಹಾಕಿಬಿಡೋಣವೇ? ತಾಳಿ! ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಸಂಶೋಧನಾ ಸಂಸ್ಥೆಯಿದೆ. ನಮ್ಮ ರಾಯಚೂರು, ಕಲಬುರಗಿಯಂತೆ ಅದೂ ಮಳೆ ಕಡಿಮೆಯ ದಖ್ಖನ್ ಪ್ರದೇಶ. 1980ರ ದಶಕದಲ್ಲಿ ಅಲ್ಲಿ ಸುಬಾಬುಲ್ ಸಾಲುಗಳ ನಡುವೆ ಬೆಳೆ ಹಾಕಿದಾಗ, ಮರದ ಹತ್ತಿರದ ಬೆಳೆ ಸೊರಗಿತು. ತಪ್ಪು ಯಾರದು? ಮೇಲಿನ ನೆರಳಿನದೋ, ಕೆಳಗಿನ ಬೇರಿನದೋ?

ವಿಜ್ಞಾನಿಗಳು ಜಾಣತನದಿಂದ ಉತ್ತರ ಹುಡುಕಿದರು. ಮರಕ್ಕೂ ಬೆಳೆಗೂ ನಡುವೆ ಕಾಲುವೆ ತೋಡಿ, ಪ್ಲಾಸ್ಟಿಕ್ ಹಾಳೆ ಇಳಿಸಿ ಮುಚ್ಚಿದರು. ಈಗ ನೆರಳು ಮೊದಲಿನಂತೆಯೇ ಬೀಳುತ್ತದೆ, ಬೇರು ಮಾತ್ರ ಆಚೆ ದಾಟಲಾರದು. ಬೆಳೆ ಚೇತರಿಸಿಕೊಂಡಿತು! ಅಂದರೆ ಬೆಳೆಗೆ ಸಿಗಬೇಕಾದ ನೀರನ್ನು ಮರದ ಬೇರುಗಳೇ ಕುಡಿಯುತ್ತಿದ್ದವು.

ಇಬಾದಾನ್‌ನ ಹೊಲಕ್ಕೆ ಕೊರತೆಯಿದ್ದದ್ದು ಸಾರಜನಕದ್ದು. ಅದನ್ನು ಮರ ಕೊಟ್ಟಿತು. ಪಟಾನ್‌ಚೆರುವಿನಲ್ಲಿ ಕೊರತೆಯಿದ್ದದ್ದು ನೀರಿನದು. ಅದನ್ನು ಮರವೇ ತೆಗೆದುಕೊಂಡಿತು. ಹಾಗಾಗಿ ಮರ ನೆಡುವ ಮೊದಲು ಈ ಹೊಲಕ್ಕೆ ಯಾವುದರ ಕೊರತೆ ಎಂದು ತಿಳಿಯಬೇಕು. ಒಣನಾಡಿನಲ್ಲಿ ಹೊಲದ ನಡುವೆ ಸಾಲು ಹಾಕುವ ಬದಲು ಬದುವಿನ ಮೇಲೆ ಗೊಬ್ಬರದ ಗಿಡ ಬೆಳೆಸಿ ಸೊಪ್ಪನ್ನಷ್ಟೇ ಹೊಲಕ್ಕೆ ತರುವುದು ಇದಕ್ಕೇ.

ನೀವೂ ಒಂದು ಪರೀಕ್ಷೆ ಮಾಡಬಹುದು. ಬದುವಿನ ಮೇಲೆ ಮರವಿರುವ ಹೊಲ ಸಿಕ್ಕರೆ, ಮರದಿಂದ ಒಂದೊಂದೇ ಹೆಜ್ಜೆ ದೂರಕ್ಕೆ ಹೋಗುತ್ತಾ ಬೆಳೆಯ ಎತ್ತರವನ್ನು ಅಳೆದು ಬರೆದುಕೊಳ್ಳಿ. ಎಷ್ಟನೇ ಹೆಜ್ಜೆಯಿಂದ ಬೆಳೆಗಳೆಲ್ಲ ಒಂದೇ ಎತ್ತರವಾದವು? ಮಳೆ ಚೆನ್ನಾಗಿ ಬಂದ ವರ್ಷವೂ, ಮಳೆ ಕೈಕೊಟ್ಟ ವರ್ಷವೂ ಅಳೆದು ಹೋಲಿಸಿ ನೋಡಿ.