ಬಣ್ಣದ ಕೆಳಗಿನ ತುಕ್ಕು

ಹಳೆಯ ಕಾರು ಕೊಂಡವರನ್ನು ಕಂಡರೆ ಎಲ್ಲರೂ ಮೊದಲು ವಿಚಾರಿಸುವುದು ಎಂಜಿನ್ ಬಗ್ಗೆ. ಸ್ಟಾರ್ಟ್ ಆಗುತ್ತದೆಯೇ, ಹೊಗೆ ಬಿಡುತ್ತದೆಯೇ, ಬಿಡಿಭಾಗ ಸಿಗುತ್ತವೆಯೇ? ಇಂದು ನಾನು ಎಂಜಿನ್ ವಿಷಯ ಎತ್ತುವುದಿಲ್ಲ. ಎಂಜಿನ್ ಕೆಟ್ಟರೆ ಇಳಿಸಿ ರಿಪೇರಿ ಮಾಡಬಹುದು, ಇನ್ನೊಂದನ್ನು ಕೂರಿಸಲೂಬಹುದು. ಬಾಡಿ ಹೋದರೆ ಕಾರೇ ಹೋದಂತೆ. ನಮಗೆಲ್ಲ ಪರಿಚಿತವಾದ ಅಂಬಾಸಿಡರ್ ಕಾರನ್ನೇ ತೆಗೆದುಕೊಳ್ಳೋಣ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು ಇದರ ಮೂಲ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಇದನ್ನು ತಯಾರಿಸಿತು. ಲಾರಿಗೆ, ಹಳೆಯ ಜೀಪಿಗೆ ಕೆಳಗೆ ಪ್ರತ್ಯೇಕ ಚಾಸಿಸ್ ಇರುತ್ತದೆ. ಬಾಡಿ ಅದರ ಮೇಲೆ ಕೂರುವ ಪೆಟ್ಟಿಗೆ ಮಾತ್ರ. ಅಂಬಾಸಿಡರ್ ಹಾಗಲ್ಲ. ನೆಲದ ತಗಡು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳಾದ ಪಟ್ಟಿ, ಬಾಗಿಲ ಕಂಬ, ಚಾವಣಿ ಎಲ್ಲವನ್ನೂ ಬೆಸೆದು ಮಾಡಿದ ಒಂದೇ ಗೂಡು ಅದು. ಹಿಂದಿನ ಲೀಫ್ ಸ್ಪ್ರಿಂಗುಗಳು ಆತುಕೊಂಡಿರುವುದೂ ಆ ಗೂಡನ್ನೇ. ಹೀಗಾಗಿ ಬಾಗಿಲಡಿಯ ಪಟ್ಟಿಗೆ ತುಕ್ಕು ಹಿಡಿಯುವುದೆಂದರೆ ಮನೆಯ ತೊಲೆಗೆ ಗೆದ್ದಲು ಹಿಡಿದಂತೆ. ಮೇಲಿನ ಸುಣ್ಣ ಬಣ್ಣ ನೋಡಿ ಸಮಾಧಾನಪಡುವ ವಿಷಯವಲ್ಲ.

ತಾಮ್ರಕ್ಕೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಶಬ್ದ ಇರುವುದು ಸರಿಯಾಗಿಯೇ ಇದೆ. ಬಯಲಿನಲ್ಲಿ ನಿಂತ ತಾಮ್ರದ ಕಳಶಕ್ಕೆ ಹಿಡಿದ ಹಸಿರು ಪದರ ಕಾಲಕ್ರಮೇಣ ಒಳಗಿನ ಲೋಹಕ್ಕೆ ಹೊದಿಕೆಯಾಗುತ್ತದೆ. ತುಕ್ಕು ಹಾಗೆ ಕಾಯುವುದಿಲ್ಲ. ಅದು ಸಡಿಲ, ಹುಡಿ. ನೀರನ್ನು ಹೀರಿ ಹಿಡಿದಿಟ್ಟುಕೊಂಡು ಕೆಳಗಿನ ಕಬ್ಬಿಣವನ್ನು ತಿನ್ನುತ್ತಲೇ ಹೋಗುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದ ಕಡೆ ಒಂದು ಪುಟ್ಟ ಬ್ಯಾಟರಿಯೇ ಕೆಲಸ ಮಾಡುತ್ತಿರುತ್ತದೆ. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿದು ಕೆಲಸ ಚುರುಕಾಗುತ್ತದೆ. ಮಂಗಳೂರು, ಕಾರವಾರದ ಕಾರಿಗೂ ಚಿತ್ರದುರ್ಗದ ಕಾರಿಗೂ ಇರುವ ವ್ಯತ್ಯಾಸ ಇಷ್ಟೇ.

ಹುಟ್ಟಿದ ತುಕ್ಕು, ಅದಕ್ಕೆ ಬಲಿಯಾದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಬಣ್ಣ ಗುಳ್ಳೆ ಏಳುವುದು ಅದರಿಂದಲೇ. ಬಾಗಿಲ ಅಂಚಿನಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಅದು ಹೊರಗಿನಿಂದ ಶುರುವಾಗಿರಬೇಕೆಂದಿಲ್ಲ. ಬಹಳ ಸಲ ಒಳಮೈಯಿಂದ ತಗಡನ್ನು ಪೂರ್ತಿ ತಿಂದು ಹೊರಗೆ ಬಂದಿರುತ್ತದೆ. ಅದನ್ನು ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಹಾಜರು. ಮಾರುವವರಿಗೆ ಅಷ್ಟು ಸಮಯ ಸಾಕು, ಕೊಳ್ಳುವವರಿಗೆ ಸಾಲದು. ಆದ್ದರಿಂದ ಕಾರು ನೋಡಲು ಹೋಗುವಾಗ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಅದು ಕಚ್ಚಿಕೊಳ್ಳದ ಜಾಗದಲ್ಲಿ ಇರುವುದು ಉಕ್ಕಲ್ಲ, ದಪ್ಪ ಪುಟ್ಟಿ. ಆಮೇಲೆ ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಮುಂಗಾಜಿನ ರಬ್ಬರ್ ಬಿರಿದು ಸೋರಿದ ನೀರು ಕೊನೆಗೆ ನಿಲ್ಲುವುದು ಅಲ್ಲೇ.

ದುರಸ್ತಿಯ ಮಾತಿಗೆ ಬರೋಣ. ತಗಡು ತೂತಾಗಿದ್ದರೆ ಯಾವ ಔಷಧಿಯೂ ನಾಟುವುದಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡು ಬೆಸೆಯಬೇಕು. ಹಳೆಯದರ ಮೇಲೇ ತೇಪೆ ಹಾಕಿದರೆ ಎರಡರ ನಡುವೆ ನೀರು ನಿಲ್ಲಲು ನಾವೇ ಜಾಗ ಮಾಡಿಕೊಟ್ಟಂತಾಯಿತು. ಬಾಗಿಲಡಿಯ ಪಟ್ಟಿ ಕತ್ತರಿಸುವ ಮುನ್ನ ಗೂಡಿಗೆ ಸರಿಯಾದ ಆಸರೆ ಕೊಡದಿದ್ದರೆ ಅದು ಬಾಗಿ, ಮತ್ತೆ ಬಾಗಿಲೇ ಕೂರುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸದೆ ಅದರ ಬಳಿ ವೆಲ್ಡಿಂಗ್ ಮಾಡಲು ಬಿಡಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿ ಧೂಳು ಕುಡಿಯುವ ಬದಲು ನೀರು ಹಾಕಿ ಉಜ್ಜಿ, ಕೂಡಲೇ ಒಣಗಿಸಿ.

ಎಷ್ಟು ಕತ್ತರಿಸಬೇಕು ಎಂಬುದು ಬೇರೆಯೇ ಪ್ರಶ್ನೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ವಿಂಟೇಜ್ ಎಂದು ನೋಂದಾಯಿಸಲು ವಾಹನ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಗಟ್ಟಿಯಾಗಿರುವ ಹಳೆಯ ತಗಡನ್ನು ಚೆಂದಕ್ಕಾಗಿ ಕಿತ್ತೆಸೆಯುವವರನ್ನು ಕಂಡರೆ ನನಗಂತೂ ಹೊಟ್ಟೆ ಉರಿಯುತ್ತದೆ. ಮಡ್‌ಗಾರ್ಡಿನ ಮೇಲಿನ ತೆಳು ತುಕ್ಕಿಗೆ ಕತ್ತರಿಯೇ ಬೇಕಿಲ್ಲ. ಸಡಿಲವಾದುದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ಅಥವಾ ಟ್ಯಾನಿನ್‌ನ ದ್ರಾವಣ ಹಚ್ಚಿದರೆ ಸಾಕು. ಟ್ಯಾನಿನ್ ಹಚ್ಚಿದಾಗ ಕೆಂಪು ತುಕ್ಕು ನೀಲಿಗಪ್ಪಾಗಿ ತಿರುಗುತ್ತದೆ. ಇದು ನಮಗೆ ಹೊಸದಲ್ಲ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದಾಗ ನಡೆಯುತ್ತಿದ್ದದ್ದೂ ಇದೇ: ಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಕರಗದ ಕಪ್ಪಾಗುವುದು.

ಆಮೇಲೆ ಪ್ರೈಮರ್. ಕಿಟಕಿ ಸರಳಿಗೆ ಹೊಡೆಯುವ ರೆಡ್ ಆಕ್ಸೈಡ್ ಅಗ್ಗ, ಆದರೆ ಅದರಲ್ಲಿ ತೇವ ಇಳಿಯುತ್ತದೆ. ಅದನ್ನಷ್ಟೇ ಬಳಿದು 'ಬಣ್ಣ ಮುಂದಿನ ತಿಂಗಳು' ಎಂದು ಶೆಡ್ಡಿನಲ್ಲಿ ಬಿಟ್ಟ ಕಾರುಗಳಿಗೆ ಪ್ರೈಮರಿನ ಕೆಳಗೇ ತುಕ್ಕು ಬರುತ್ತದೆ. ಎಪಾಕ್ಸಿ ಪ್ರೈಮರ್ ನೀರನ್ನು ಚೆನ್ನಾಗಿ ತಡೆಯುತ್ತದೆ. ಬೆಸುಗೆಯ ಜಾಗಕ್ಕೆ ಸತುವಿನ ಪ್ರೈಮರ್ ಒಳ್ಳೆಯದು. ಸತು ಕಬ್ಬಿಣಕ್ಕಿಂತ ಮೊದಲು ತಾನು ಸವೆಯುತ್ತದೆ. ಗೀರು ಬಿದ್ದರೂ ಸುತ್ತಲಿನ ಸತು ಕಬ್ಬಿಣವನ್ನು ಕಾಯುತ್ತದೆ. ತವರಕ್ಕೆ ಈ ಗುಣವಿಲ್ಲ. ಕಬ್ಬಿಣದ ಪಾತ್ರೆಯ ಕಲಾಯಿ ಕೆರೆದುಹೋದ ಕಡೆ ತುಕ್ಕು ಇನ್ನೂ ಬೇಗ ಏರುತ್ತದೆ. ಈ ಕೆಲಸವನ್ನೆಲ್ಲ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಆ ತೇವದ ಗಾಳಿಯಲ್ಲಿ ಸಂಜೆ ಉಜ್ಜಿ ಹೊಳೆಯಿಸಿದ ತಗಡು ಬೆಳಗಾಗುವಷ್ಟರಲ್ಲಿ ಕಂದಿರುತ್ತದೆ.

ಕಣ್ಣಿಗೆ ಬೀಳದ ಒಳಗಿನ ಟೊಳ್ಳುಗಳಿಗೆ ಬ್ರಷ್ ಮುಟ್ಟುವುದಿಲ್ಲ. ಬಣ್ಣವೆಲ್ಲ ಮುಗಿದ ಮೇಲೆ ಉದ್ದನೆಯ ನಳಿಗೆಯಿಂದ ಅಲ್ಲಿಗೆ ತೆಳು ಮೇಣ ಸಿಂಪಡಿಸಬೇಕು. ಹಸಿ ಇರುವಾಗ ಅದು ಬೆಸುಗೆಯ ಸಂದಿಗಳಿಗೂ ಇಳಿಯುತ್ತದೆ. ಕಾರಿನಡಿಗೆ ಡಾಂಬರಿನಂಥ ಕಪ್ಪು ಲೇಪ ಬಳಿಯುವ ರೂಢಿಯೂ ಉಂಟು. ಶುದ್ಧ ತಗಡಿನ ಮೇಲಾದರೆ ಸರಿ. ತುಕ್ಕಿನ ಮೇಲೆ ಬಳಿದರೆ ಅದು ಗಟ್ಟಿಯಾಗಿ, ಬಿರಿದು, ಒಳನುಗ್ಗಿದ ನೀರನ್ನು ಹೊರಬಿಡದೆ ಹಿಡಿದಿಡುತ್ತದೆ.

ಇನ್ನೊಂದು ಮಾತಿದೆ, ಇದಕ್ಕೆ ಕಾಸಿನ ಖರ್ಚಿಲ್ಲ. ಕಿಟಕಿ ಗಾಜಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಹೊರಹೋಗಲೆಂದೇ ಬಾಗಿಲ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಮಣ್ಣೋ, ಒಣ ಎಲೆಯೋ, ಹೊಸ ಬಣ್ಣವೋ ಅವನ್ನು ಮುಚ್ಚಿರುತ್ತದೆ. ಮುಂಗಾರಿಗೆ ಮುನ್ನ ಒಂದು ತಂತಿ ತುಂಡಿನಿಂದ ಅವನ್ನು ಬಿಡಿಸಿ, ಗಾಜಿನ ಅಂಚಿಗೆ ಒಂದು ಚೊಂಬು ನೀರು ಸುರಿಯಿರಿ. ಸುರಿದ ನೀರು ಕೆಳಗೆ ಬರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಬಾಗಿಲು ಹಾಕಿ.