ಹೊಲದ ಹಾದಿ ಹಿಡಿದು ಹಿರಿಯರ ಶೋಧ

ಅರಸರ ವಂಶಾವಳಿಗೆ ಶಿಲಾಶಾಸನಗಳಿವೆ. ಮಠಮಾನ್ಯಗಳ ಇತಿಹಾಸಕ್ಕೆ ತಾಮ್ರಪಟಗಳಿವೆ. ನೂರೈವತ್ತು ವರ್ಷಗಳ ಹಿಂದೆ ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆದು ಬಾಳಿದ ಒಬ್ಬ ಸಾಮಾನ್ಯ ಒಕ್ಕಲಿಗನ ಬದುಕನ್ನು ಮಾತ್ರ ಎಲ್ಲಿ ಹುಡುಕಬೇಕು? ಅವನು ಪತ್ರ ಬರೆದವನಲ್ಲ, ದಿನಚರಿ ಇಟ್ಟವನಲ್ಲ. ಅವನು ಹುಟ್ಟಿದ ದಿನ ಮನೆಯವರಿಗೂ ತಿಳಿಯದು. ಅವನನ್ನು ತಪ್ಪದೆ ನೆನಪಿಟ್ಟವರು ಇಬ್ಬರೇ: ಕಂದಾಯ ವಸೂಲು ಮಾಡಿದ ಸರಕಾರ, ಆಸ್ತಿಗೆ ವಾರಸುದಾರರಾದ ಮಕ್ಕಳು. ಆದ್ದರಿಂದ ಅವನನ್ನು ಕಾಣಬಯಸುವವರು ಕಂದಾಯದ ಲೆಕ್ಕಕ್ಕೂ ಮೃತ್ಯುಪತ್ರಕ್ಕೂ ಮೊರೆಹೋಗಬೇಕು. ನನ್ನ ಮುತ್ತಜ್ಜನನ್ನು ಹುಡುಕುತ್ತ ಹೋದಾಗ ಇವೆರಡೂ ನನಗೆ ಹೇಳಿದ ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ.

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಸೇರಿತು. ಮುಂದೆ 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಇಲ್ಲಿ ಭೂಮಾಪನ ನಡೆಯಿತು. 33 ಅಡಿಯ ಸರಪಳಿ ಹಿಡಿದು ಹೊಲಹೊಲವನ್ನೂ ಅಳೆದರು. ಒಂದು ಚದರ ಸರಪಳಿಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಮಣ್ಣಿನ ಬಣ್ಣ ಮತ್ತು ಆಳವನ್ನೂ, ಕಲ್ಲು, ಸವುಳು ಮೊದಲಾದ ದೋಷಗಳನ್ನೂ ನೋಡಿ, ಹದಿನಾರಾಣೆಯ ಭೂಮಿ, ಎಂಟಾಣೆಯ ಭೂಮಿ ಎಂದು ಬೆಲೆ ಕಟ್ಟಿದರು. ಅದರ ಮೇಲೆ 'ಆಕಾರ', ಎಂದರೆ ಕಂದಾಯ, ಮೂವತ್ತು ವರ್ಷಗಳಿಗೆ ನಿಗದಿಯಾಯಿತು. ಪ್ರತಿ ಹೊಲಕ್ಕೂ ಒಂದು ನಂಬರು ಬಿತ್ತು. ಆ ನಂಬರುಗಳಲ್ಲಿ ಬಹಳಷ್ಟು ಹಿಸ್ಸೆಗಳಾಗಿ ಒಡೆದಿದ್ದರೂ ಇಂದಿನ ಪಹಣಿಯಲ್ಲಿ ಬದುಕಿಯೇ ಇವೆ.

ಶೋಧಕನಿಗೆ ಇದೇ ಊರುಗೋಲು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯುಂಟು. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು, ಅದೇ ತಂದೆಯ ಹೆಸರು ಮರಳಿ ಬರುತ್ತವೆ. ಹೆಸರಿನ ಬೆನ್ನು ಹತ್ತಿದವನು ಅಜ್ಜನನ್ನು ಮೊಮ್ಮಗನೆಂದು ತಿಳಿದು ದಾರಿ ತಪ್ಪುವುದು ಸುಲಭ. ಹೊಲದ ಬೆನ್ನು ಹತ್ತಿದವನಿಗೆ ಆ ಭಯವಿಲ್ಲ. ಇಂದಿನ ಪಹಣಿಯಿಂದ ಹಿಂದೆ ಸರಿಯುತ್ತ, 1903ರ ಮುಂಬಯಿ ಶಾಸನದಿಂದ ಆರಂಭವಾದ ಹಕ್ಕುಪತ್ರಿಕೆಯನ್ನು ದಾಟಿ, ಅದಕ್ಕೂ ಹಿಂದಿನ ಭೂಮಾಪನದ ಕಾಗದಗಳಿಗೆ ಹೋಗಬಹುದು. ಅವುಗಳಲ್ಲಿ ಹಳೆಯವು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿದ್ದವು. ಕನ್ನಡದ ಒಕ್ಕಲಿಗನ ಕನ್ನಡದ ಹೊಲ ಅವನೇ ಓದಲಾರದ ಅಕ್ಷರದಲ್ಲಿ ದಾಖಲಾಗಿತ್ತು. ಮೋಡಿ ಬಲ್ಲ ಹಿರಿಯರೊಬ್ಬರು ನನ್ನ ಪಾಲಿಗೆ ಅದನ್ನು ಓದಿ ಹೇಳಿದರು.

ನಮ್ಮ ಮನೆಯಲ್ಲಿ ಮುತ್ತಜ್ಜನ ಬಗ್ಗೆ ಇದ್ದುದು ಒಂದೇ ಕಥೆ. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ಅವನು ತನ್ನ ಹಗೇವು ತೆಗೆದು ಊರಿಗೆ ಜೋಳ ಹಂಚಿದನಂತೆ. ಈ ಕಥೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದೆವು. ಕಂದಾಯದ ಕಡತ ಅದೇ ಬರದ ಬಗ್ಗೆ ಬೇರೊಂದು ಸಂಗತಿ ಹೇಳಿತು. 1877ರಲ್ಲಿ 9 ಎಕರೆ 20 ಗುಂಟೆಯ ಒಂದು ಎರೆಹೊಲಕ್ಕೆ ಊರಿನ ಒಬ್ಬನು ರಾಜೀನಾಮೆ ಬರೆದುಕೊಟ್ಟಿದ್ದಾನೆ. ಅದೇ ದಿನ ನನ್ನ ಮುತ್ತಜ್ಜ ಅದೇ ಹೊಲಕ್ಕೆ ಕಬೂಲಾಯತಿ ಬರೆದುಕೊಟ್ಟಿದ್ದಾನೆ.

ರಾಜೀನಾಮೆ ಎಂದರೆ ಇಂದು ನಮಗೆ ನೌಕರಿಯನ್ನೋ ಮಂತ್ರಿಗಿರಿಯನ್ನೋ ಬಿಡುವ ಪತ್ರ. ಅಂದಿನ ಒಕ್ಕಲಿಗನಿಗೆ ಅದು ಹೊಲ ಬಿಡುವ ಪತ್ರ. ಮುಂದಿನ ಕಂದಾಯಕ್ಕೆ ನಾನು ಹೊಣೆಯಲ್ಲ ಎಂದು ಒಬ್ಬನು ಬರೆದುಕೊಡುವುದು, ನಾನು ಹೊಣೆ ಎಂದು ಇನ್ನೊಬ್ಬನು ಒಪ್ಪಿಕೊಳ್ಳುವುದು. ಎರಡು ಕಾಗದಗಳ ನಡುವೆ ಕೈಬದಲಾದ ಹಣವೆಷ್ಟು, ಜೋಳವೆಷ್ಟು, ತೀರಿದ ಸಾಲವೆಷ್ಟು ಎಂಬುದನ್ನು ಕಡತ ಹೇಳುವುದಿಲ್ಲ. ಸರಕಾರಕ್ಕೆ ಬೇಕಾದದ್ದು ಕಂದಾಯ ಕೊಡುವವನ ಹೆಸರು ಮಾತ್ರ. ಹಗೇವು ತೆಗೆದದ್ದೂ ನಿಜವಿರಬಹುದು. ಹಗೇವಿನ ಜೋಳ ಹೊಲವಾಗಿ ಮನೆಗೆ ಬಂದದ್ದೂ ನಿಜವಿರಬಹುದು. ಬರಗಾಲದಲ್ಲಿ ಕಾಳು ಉಳಿದವನಿಗೂ ಕಾಳು ತೀರಿದವನಿಗೂ ನಡುವೆ ನಡೆಯುವ ವ್ಯವಹಾರ ಯಾವ ಊರಿಗೂ ಹೊಸದಲ್ಲ.

ಇನ್ನು ಮೃತ್ಯುಪತ್ರದ ಮಾತು. ಒಕ್ಕಲಿಗರ ಮನೆಗಳಲ್ಲಿ ಅದು ವಿರಳ, ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ನಡೆಯುತ್ತಿದ್ದ ಮಿತಾಕ್ಷರ ನ್ಯಾಯದಂತೆ ಪಿತ್ರಾರ್ಜಿತ ಭೂಮಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅವಿಭಕ್ತ ಕುಟುಂಬದವನು ಅದರಲ್ಲಿಯ ತನ್ನ ಪಾಲನ್ನು ಮೃತ್ಯುಪತ್ರದ ಮೂಲಕ ಕೊಡುವ ಅಧಿಕಾರ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಶಾಸನದಿಂದ. ಅದಕ್ಕೆ ಮೊದಲು ಅವನು ಬರೆಯಬಹುದಾದದ್ದು ಸ್ವಯಾರ್ಜಿತದ ಬಗ್ಗೆ ಮಾತ್ರ. ಅದನ್ನೂ ಬರೆಯಲೇಬೇಕೆಂದಿರಲಿಲ್ಲ, ಹಳ್ಳಿಗಾಡಿನ ಹಿಂದೂಗಳಲ್ಲಿ 1926ರ ಕೊನೆಯ ತನಕ ಬಾಯಿಮಾತಿನ ಮೃತ್ಯುಶಾಸನವೂ ನಡೆಯುತ್ತಿತ್ತು. ಎಷ್ಟೋ ಹಿರಿಯರ ಕೊನೆಯ ಇಚ್ಛೆ ಹೀಗೆ ಕಾಗದಕ್ಕೆ ಇಳಿಯದೆಯೇ ಅವರ ಉಸಿರಿನೊಂದಿಗೆ ಹೋಯಿತು.

ನೋಂದಣಿಯಾದ ಮೃತ್ಯುಪತ್ರಗಳು ಉಪನೋಂದಣಿ ಕಚೇರಿಯ ಮೂರನೆಯ ಪುಸ್ತಕದಲ್ಲಿ ಇರುತ್ತವೆ. ಬರೆದವರು ಬದುಕಿರುವ ತನಕ ಅದರ ನಕಲು ಪರರಿಗೆ ದೊರೆಯದು. ಸತ್ತ ಮೇಲೆ ಅರ್ಜಿ ಸಲ್ಲಿಸಿದವರಿಗೆ ದೊರೆಯುತ್ತದೆ. ಆ ಪುಸ್ತಕದಲ್ಲಿ ನನಗೆ ಮುತ್ತಜ್ಜ ಸಿಕ್ಕಿದನು. ವರ್ಷ 1898, ಹುಬ್ಬಳ್ಳಿ, ಧಾರವಾಡಗಳಲ್ಲಿ ಪ್ಲೇಗು ಹಬ್ಬಿದ್ದ ಕಾಲ. ಒಂದೇ ಪುಟದ ಬರಹ. ಕೊನೆಯಲ್ಲಿ ಸಹಿಯ ಬದಲು ಒಂದು ನೇಗಿಲಿನ ನಿಶಾನಿ. ಪಿತ್ರಾರ್ಜಿತ ಹೊಲಗಳ ಮಾತೇ ಅದರಲ್ಲಿಲ್ಲ. ಅವುಗಳ ಮೇಲೆ ಅವನಿಗೆ ಆ ಅಧಿಕಾರವಿರಲಿಲ್ಲ. ಇರುವುದು ಆ ಬರಗಾಲದ ಹೊಲ ಒಂದೇ. ಹೊಲ ಇಬ್ಬರು ಗಂಡುಮಕ್ಕಳಿಗೆ ಸಮನಾಗಿ ಸಲ್ಲಬೇಕು. ಆದರೆ ಆ ಹೊಲವನ್ನು ಮೊದಲು ಉಳುತ್ತಿದ್ದವನ ಹೆಂಡತಿ ಬದುಕಿರುವ ತನಕ ಅವಳಿಗೆ ಅದರ ಉತ್ಪನ್ನದಿಂದ ವರ್ಷಕ್ಕೆ ಎರಡು ಚೀಲ ಜೋಳವನ್ನೂ ಒಂದು ಸೀರೆಯನ್ನೂ ಕೊಡಬೇಕು. 'ಇದರಲ್ಲಿ ಅಂತರ ಮಾಡಕೂಡದು.'

ಈ ನಾಲ್ಕು ಸಾಲುಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ಇಪ್ಪತ್ತೊಂದು ವರ್ಷಗಳ ಹಿಂದಿನ ಒಂದು ವ್ಯವಹಾರ ಆ ಮನುಷ್ಯನ ಮನಸ್ಸಿನಿಂದ ಹೋಗಿರಲಿಲ್ಲವೆಂಬುದು ಅವುಗಳಿಂದ ಸ್ಪಷ್ಟವಾಗುತ್ತದೆ. ಮಕ್ಕಳನ್ನು ಕರೆದು ಬಾಯಿಮಾತಿನಲ್ಲಿ ಹೇಳಿದ್ದರೂ ಕಾನೂನಿಗೆ ಸಾಕಾಗುತ್ತಿತ್ತು. ಅವನು ಹಾಗೆ ಮಾಡದೆ, ಪ್ಲೇಗಿನ ದಿನಗಳಲ್ಲಿ ತಾಲೂಕಿನ ಊರಿಗೆ ಹೋಗಿ, ಸಾಕ್ಷಿಗಳನ್ನು ನಿಲ್ಲಿಸಿ, ಸರಕಾರದ ಪುಸ್ತಕದಲ್ಲಿ ಬರೆಸಿದನು. ಮಕ್ಕಳ ಮೇಲೆ ಅವನಿಗೆ ಅಷ್ಟು ನಂಬಿಕೆ ಇರಲಿಲ್ಲವೆಂದೇ ತೋರುತ್ತದೆ. ಹಾಗಿದ್ದರೂ ಹೊಲವನ್ನು ಮರಳಿ ಕೊಡುವಷ್ಟು ದೂರ ಅವನು ಹೋಗಲಿಲ್ಲ. ಜೋಳ, ಸೀರೆಗಳಲ್ಲಿ ಅವನ ಔದಾರ್ಯ ನಿಂತಿತು. ಮನೆಯ ಕಥೆಯ ದಾನಶೂರನಿಗಿಂತಲೂ, ಕಡತದ ಬರಗಾಲದ ಗಿರಾಕಿಗಿಂತಲೂ ಈ ಮನುಷ್ಯ ನನಗೆ ಹತ್ತಿರದವನೆನಿಸಿದನು.

ಮುಂದೆ ಬಂದ ಹಕ್ಕುಪತ್ರಿಕೆಯನ್ನೂ ನೋಡಿದೆ. ಹೊಲದ ಒಡೆಯರಷ್ಟೇ ಅಲ್ಲದೆ ಅದರ ಮೇಲೆ ಇತರರಿಗಿರುವ ಹಕ್ಕು, ಹೊರೆಗಳೂ ಅದರಲ್ಲಿ ನಮೂದಾಗಬೇಕು. ನಮ್ಮ ಹೊಲಕ್ಕೆ ಇಬ್ಬರು ಗಂಡುಮಕ್ಕಳ ಹೆಸರು ವಾರಸಾ ಎಂದು ದಾಖಲಾಗಿದೆ. ಇತರ ಹಕ್ಕುಗಳ ಜಾಗ ಖಾಲಿಯಾಗಿದೆ. ಅಷ್ಟರಲ್ಲಿ ಆ ಹೆಂಗಸು ತೀರಿಕೊಂಡಿದ್ದಳೋ, ಇದ್ದೂ ಅವಳ ಎರಡು ಚೀಲ ಜೋಳವನ್ನು ಯಾರೂ ಬರೆಸಲಿಲ್ಲವೋ! ಅವಳ ಹೆಸರು ಮೃತ್ಯುಪತ್ರದಲ್ಲಿಯೂ ಇಲ್ಲ. ಇಂಥವನ ಹೆಂಡತಿ ಎಂದಷ್ಟೇ ಇದೆ.

ಇಂದು ಪಹಣಿ ಗಣಕಯಂತ್ರದಲ್ಲಿ ಕ್ಷಣಾರ್ಧದಲ್ಲಿ ಸಿಗುತ್ತದೆ. ಹೊಲವಿದ್ದವರ ಮೊಮ್ಮಕ್ಕಳಿಗೆ ತಮ್ಮ ಹಿರಿಯರನ್ನು ಹುಡುಕುವ ಹಾದಿ ಸುಗಮವಾಗಿದೆ. ರಾಜೀನಾಮೆ ಬರೆದುಕೊಟ್ಟು ಹೋದವನ ಮೊಮ್ಮಕ್ಕಳಿಗೆ ಆ ಹಾದಿಯಿಲ್ಲ. ಅವನು ಕಂದಾಯ ಕೊಡುವುದನ್ನು ನಿಲ್ಲಿಸಿದ ದಿನ ಕಡತವೂ ಅವನನ್ನು ಬಿಟ್ಟಿತು. ಅವನ ಹೆಸರು ಉಳಿದಿರುವುದು ಹೊಲ ಪಡೆದವರ ಕಾಗದಗಳಲ್ಲಿಯೇ. ಆದ್ದರಿಂದ, ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕಾಗದದ ಕಟ್ಟು ಇರುವವರಲ್ಲಿ ನನ್ನದೊಂದು ವಿನಂತಿ: ಅದನ್ನು ಬಿಚ್ಚಿದಾಗ ನಿಮ್ಮ ಹಿರಿಯರ ಹೆಸರಿನ ಜೊತೆಗೆ, ಅದರ ಹಿಂದಿನ ಸಾಲಿನಲ್ಲಿರುವ ಹೆಸರನ್ನೂ ಬರೆದಿಟ್ಟುಕೊಳ್ಳಿ. ಅದನ್ನು ಹುಡುಕುತ್ತ ಯಾರಾದರೂ ಒಂದು ದಿನ ನಿಮ್ಮ ಬಾಗಿಲಿಗೆ ಬರಬಹುದು.